ಬಟ್ಟೆಯಿಲ್ಲದ ಕಸೂತಿ

ಗಾಜಿನ ಮಣಿಯ ಒಡವೆಗಳಲ್ಲಿ ಎರಡು ಬಗೆ. ಒಂದು ಪೋಣಿಸಿದ್ದು, ಇನ್ನೊಂದು ಹೆಣೆದದ್ದು. ಪೋಣಿಸಿದ ಸರದಲ್ಲಿ ದಾರ ಪ್ರತಿ ಮಣಿಯೊಳಗೆ ಒಂದೇ ಸಲ ಹಾಯುತ್ತದೆ. ಒಂದು ಕಡೆ ಹರಿದರೆ ಮಣಿಯೆಲ್ಲ ನೆಲದ ಪಾಲು. ಹೆಣೆದದ್ದರಲ್ಲಿ ದಾರ ಪ್ರತಿ ಮಣಿಯನ್ನೂ ಎರಡು ಸಲವಾದರೂ ಹಾಯ್ದು, ಅದನ್ನು ಪಕ್ಕದ ಮಣಿಗೂ ಕೆಳಗಿನ ಸಾಲಿಗೂ ಬಿಗಿದೇ ಮುಂದೆ ಹೋಗುತ್ತದೆ. ಕೊಳ್ಳುವವರ ಕಣ್ಣಿಗೆ ಎರಡೂ ಮಣಿಸರವೇ. ಮಾಡುವವರ ಕೂಲಿಯ ಲೆಕ್ಕದಲ್ಲಿ ಮಾತ್ರ ಅಜಗಜಾಂತರ. ಗೋವಾದ ಕಡಲತೀರದಲ್ಲಿ ತೋಳ ತುಂಬ ಸರ ಇಳಿಬಿಟ್ಟುಕೊಂಡು ಮಾರುವ ಲಂಬಾಣಿ ಹೆಂಗಸರು ಉತ್ತರ ಕರ್ನಾಟಕದ ತಾಂಡಾಗಳಿಂದ, ಗದಗ ಜಿಲ್ಲೆಯಿಂದಲೂ, ಗುಳೆ ಹೋದವರು. ಅವರ ಕೈಯಲ್ಲಿರುವ ಮಾಲು ಬಹುಪಾಲು ಸಗಟಿನಲ್ಲಿ ಕೊಂಡು ತಂದ, ಯಾರೋ ಪೋಣಿಸಿದ ಸರ. ಕನ್ನಡಿ, ಕವಡೆ, ಮಣಿಗಳನ್ನು ಬಟ್ಟೆಗೆ ಹೊಲಿಯುತ್ತಲೇ ಬೆಳೆದ ಸಮುದಾಯವೊಂದು ಪರರ ಸರ ಮಾರಿ ಹೊಟ್ಟೆ ಹೊರೆಯುವುದು ವಿಚಿತ್ರ. ಗದಗ ಜಿಲ್ಲೆಯ ರೋಣ, ಗಜೇಂದ್ರಗಡ ಸೀಮೆಯ ತಾಂಡಾಗಳಿಗೆ ಹೆಣೆದ ಮಣಿಯ ಕೆಲಸ ಬರಬೇಕು, ಅದರಲ್ಲೂ ಹೆರಿಂಗ್‌ಬೋನ್ ಎಂಬ ಹೊಲಿಗೆ ಬರಬೇಕು ಎಂದು ವಾದಿಸಲು ಕಾರಣಗಳಿವೆ.

ಮೊದಲು ಆ ಹೊಲಿಗೆ ಏನೆಂದು ನೋಡೋಣ. ಟೇಲರಿಂಗ್ ಕಲಿತವರಿಗೆ ಬಟ್ಟೆಯ ಅಂಚಿಗೆ ಹಾಕುವ ಹೆರಿಂಗ್‌ಬೋನ್ ಗೊತ್ತು. ಮಣಿಯದು ಬೇರೆ, ಇಲ್ಲಿ ಬಟ್ಟೆಯೇ ಇಲ್ಲ. ಬೇಕಾದದ್ದು ತೆಳು ಸೂಜಿ, ಗಟ್ಟಿ ದಾರ, ಒಂದೇ ಅಳತೆಯ ಮಣಿ, ಇಷ್ಟೇ. ಮಣಿಗಳನ್ನು ಒಂದರ ಮಗ್ಗುಲಿಗೆ ಒಂದು ನಿಲ್ಲಿಸಿ, ತೂತುಗಳು ಮೇಲೆ ಕೆಳಗೆ ಇರುವಂತೆ ದಾರದಿಂದ ಬಿಗಿದರೆ ಏಣಿಯಂಥ ಒಂದು ತಳಪಾಯವಾಗುತ್ತದೆ. ಅದರಲ್ಲಿ ಮಣಿಗಳ ಸಂಖ್ಯೆ ಸರಿಸಂಖ್ಯೆಯೇ ಆಗಿರಬೇಕು, ಏಕೆಂದರೆ ಮುಂದಿನದೆಲ್ಲ ಜೋಡಿಯ ವ್ಯವಹಾರ. ಮೊದಲ ಮಣಿಯಿಂದ ಮೇಲೆ ಬಂದ ಸೂಜಿ ಎರಡು ಹೊಸ ಮಣಿ ಎತ್ತಿಕೊಂಡು ಎರಡನೆಯ ಮಣಿಯೊಳಗೆ ಇಳಿಯುತ್ತದೆ, ಮೂರನೆಯದರಿಂದ ಮೇಲೇಳುತ್ತದೆ, ಮತ್ತೆ ಎರಡು ಎತ್ತಿಕೊಂಡು ನಾಲ್ಕನೆಯದಕ್ಕೆ ಇಳಿಯುತ್ತದೆ. ದಾರ ಜಗ್ಗಿದಾಗ ಹೊಸ ಜೋಡಿಯ ತಲೆಗಳು ಒಂದರತ್ತ ಒಂದು ವಾಲುತ್ತವೆ, ಏಕೆಂದರೆ ಅವೆರಡರ ನಡುವಿನ ದಾರ ಮೇಲ್ಗಡೆ ಮಾತ್ರ ಇದೆ. ಸಾಲಿನ ಮೇಲೆ ಸಾಲು ಕೂತಂತೆ ಈ ಓರೆ, ಗೋಧಿ ತೆನೆಯ ಕಾಳುಗಳು ನಡುಕಡ್ಡಿಯ ಎರಡೂ ಬದಿಗೆ ವಾಲಿ ಕೂತ ಹಾಗೆ, ಪಟ್ಟಿಯುದ್ದಕ್ಕೂ ಓಡುತ್ತದೆ. ಯಾರೂ ಬರೆಯದ ವಿನ್ಯಾಸ ಅದು. ದಾರದ ಎಳೆತವೇ ಬರೆದದ್ದು. ತೊಡಕು ಇರುವುದು ಸಾಲಿನ ತುದಿಯಲ್ಲಿ. ಅಲ್ಲಿ ಸೂಜಿ ಕೆಳಮುಖವಾಗಿ ನಿಂತಿರುತ್ತದೆ, ಮುಂದಿನ ಸಾಲು ಹಿಡಿಯಲು ಅದು ಮೇಲೇರಬೇಕು. ಅಂಚಿನ ಹಳೆಯ ದಾರಕ್ಕೆ ಒಂದು ಸುತ್ತು ಹಾಕಿ, ಕೊನೆಯ ಮಣಿಗಳೊಳಗಿಂದ ಮೇಲೆ ಬಂದು ತಿರುಗಬೇಕು. ಕಲಿಯುವವರ ಪಟ್ಟಿಯಲ್ಲಿ ದಾರ ಕಾಣಿಸಿಕೊಳ್ಳುವುದು ಇಲ್ಲಿಯೇ. ಪಳಗಿದವರು ತಿರುವಿನಲ್ಲಿ ಒಂದು ಸಣ್ಣ ಮಣಿ ಕೂರಿಸಿ ಅದನ್ನು ಮರೆಮಾಡುತ್ತಾರೆ. ಇದೇ ಹೊಲಿಗೆಯನ್ನು ಪಟ್ಟಿಯ ಬದಲು ಉಂಗುರವಾಗಿ ಆರಂಭಿಸಿದರೆ ಒಳಗೆ ಪೊಳ್ಳಾದ, ಕೊರಳಿಗೆ ಮೆತ್ತಗೆ ಬಾಗುವ ಹಗ್ಗ ಬೆಳೆಯುತ್ತದೆ. ಆಗ ಒಂದು ಮಣಿ ಇಳಿದು ಪಕ್ಕದಲ್ಲಿ ಎರಡು ಮಣಿ ಏರುತ್ತ ಹೋದರೆ ಆ ಹಗ್ಗ ತಾನಾಗಿಯೇ ಹುರಿಗೊಳ್ಳುತ್ತದೆ. ದಾರ ಮಾತ್ರ ಹತ್ತಿಯದಾದರೆ ನಡೆಯದು, ಗಾಜಿನ ತೂತಿನ ಅಂಚು ಅದನ್ನು ಕೊಯ್ಯುತ್ತದೆ, ನೈಲಾನಿನಂಥ ಗಟ್ಟಿ ದಾರ ಬೇಕು. ಹತ್ತಿ ಬೆಳೆಯುವ ನರಗುಂದ, ರೋಣದ ಎರೆ ನೆಲದವರಿಗೆ ಇದೊಂದು ಸಣ್ಣ ನಿರಾಶೆ.

ಈ ಹೊಲಿಗೆ ಇಲ್ಲಿಯದಲ್ಲ, ಪರದೇಶದ್ದನ್ನು ತಂದು ತಾಂಡಾಕ್ಕೆ ಏಕೆ ಹೊರಿಸಬೇಕು ಎಂಬುದು ಮೊದಲ ಆಕ್ಷೇಪ. ದಕ್ಷಿಣ ಆಫ್ರಿಕಾದ ಎಂಡೆಬೆಲೆ ಹೆಂಗಸರ ಕೈಯಿಂದ ಇದು ಜಗತ್ತಿಗೆ ಪರಿಚಯವಾದದ್ದು ನಿಜ. ಅವರ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಆದರೆ ಅವರ ಕೈಗೆ ಬಂದ ಗಾಜಿನ ಮಣಿ ಯುರೋಪಿನದು. 1883ರಲ್ಲಿ ಬಿಳಿಯ ವಲಸಿಗರಾದ ಬೋಅರರ ಸೈನ್ಯಕ್ಕೆ ಸೋತು, ನೆಲ ಕಳೆದುಕೊಂಡು, ಬಿಳಿಯರ ಹೊಲಗಳಿಗೆ ಜೀತದಾಳುಗಳಾಗಿ ಚದುರಿದ ಮೇಲೆಯೇ ಆ ಜನ ಮಣಿಯ ಕೆಲಸವನ್ನೂ ಗೋಡೆಯ ಚಿತ್ತಾರವನ್ನೂ ತಮ್ಮ ಗುರುತಾಗಿ ಹಿಡಿದು ಬೆಳೆಸಿದರು. ಆ ಚಿತ್ತಾರದ ಕಲಾವಿದೆ ಎಸ್ತರ್ ಮಹ್ಲಾಂಗು 1991ರಲ್ಲಿ ಬಿಎಂಡಬ್ಲ್ಯೂ ಕಾರಿನ ಮೈಮೇಲೂ ಅದನ್ನು ಬರೆದರು. ಲಂಬಾಣಿಗಳ, ಅಂದರೆ ಬಂಜಾರರ, ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಎತ್ತುಗಳ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ದಖನ್ನಿನಲ್ಲಿ ಮೊಗಲರ ದಂಡಿಗೂ ಆಹಾರ ಒದಗಿಸಿದವರು ಅವರು. 19ನೇ ಶತಮಾನದಲ್ಲಿ ಉಪ್ಪಿನ ವ್ಯಾಪಾರ ಸರ್ಕಾರದ ಮುಷ್ಟಿಗೆ ಹೋಯಿತು, ರೈಲು ಬಂತು, ಹೇರೆತ್ತಿನ ಕಾಲ ಮುಗಿಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ನೆರಳು ಹಲವು ಪ್ರಾಂತ್ಯಗಳಲ್ಲಿ ಅವರ ಮೇಲೂ ಬಿತ್ತು; ಅದು ಸರಿದದ್ದು 1952ರಲ್ಲಿ. ಅಲೆದಾಟ ನಿಂತು ಗುಡ್ಡದ ಬುಡದ ಮಸಾರಿ ನೆಲದಲ್ಲಿ ತಾಂಡಾ ಕಟ್ಟಿಕೊಂಡವರ ಪೆಟ್ಟಿಗೆಯಲ್ಲಿ ಉಳಿದದ್ದು ಕಾಂಚಳಿ ಎಂಬ ರವಿಕೆ, ಫೇಟಿಯಾ ಎಂಬ ಲಂಗ, ಅವುಗಳ ಮೇಲಿನ ಕನ್ನಡಿ, ಕವಡೆ, ಮಣಿ. ಆ ಕವಡೆಯೂ ಸಮುದ್ರದಾಚೆಯದೇ. ಹಾಗಾಗಿ ಪರದೇಶದ್ದೆಂಬ ಆಕ್ಷೇಪ ನಿಲ್ಲುವುದಿಲ್ಲ.

ಇನ್ನು ಮಣಿಗೆ ಮಣಿ ಹೆಣೆಯುವುದೂ ಈ ಸೀಮೆಗೆ ತೀರ ಹೊಸದಲ್ಲ. ಗಿಳಿ, ನವಿಲು, ‘ಸುಸ್ವಾಗತ’ ಎಂಬ ಅಕ್ಷರ ಮೂಡಿಸಿದ ಮಣಿತೋರಣ ಒಂದು ಕಾಲಕ್ಕೆ ಕನ್ನಡ ನಾಡಿನ ನಡುಮನೆಯ ಬಾಗಿಲುಗಳಲ್ಲಿ ಸಾಮಾನ್ಯವಾಗಿತ್ತು. ಮದುವೆಯ ಸಾಮಾನಿನ ಜೊತೆ ಹೆಣ್ಣಿನ ಕೈಕೆಲಸವೆಂದು ಅದನ್ನೂ ಕಳಿಸುತ್ತಿದ್ದರು. ಅದು ಬಟ್ಟೆಯಿಲ್ಲದ ಹೆಣಿಗೆಯೇ. ಅದನ್ನು ಹೆಣೆದವರು ಯಾರೂ ಅದಕ್ಕೆ ಕೂಲಿ ಕೇಳಲಿಲ್ಲ. ಪ್ಲಾಸ್ಟಿಕ್ಕಿನ ತೋರಣ ಬಂದಾಗ ಅದು ಸದ್ದಿಲ್ಲದೆ ಹೋದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಪುಕ್ಕಟೆ ಕೆಲಸ ನಿಂತರೆ ಯಾರೂ ಕೇಳುವುದಿಲ್ಲವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಲಂಬಾಣಿ ಕಸೂತಿಗೆ ಹೆಸರಿದೆ, ಅದನ್ನೇ ಬೆಳೆಸಬಾರದೇಕೆ? ಸಂಡೂರಿನ ಉದಾಹರಣೆ ಕಣ್ಣೆದುರಿಗಿದೆ. ಅಲ್ಲಿನ ಕುಶಲ ಕಲಾ ಕೇಂದ್ರದ ಸುತ್ತ ಬೆಳೆದ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸಂಡೂರನ್ನು ಆಳಿದವರೂ ಘೋರ್ಪಡೆಗಳು, ಗಜೇಂದ್ರಗಡದ ಕೋಟೆ ಹಿಡಿದಿದ್ದವರೂ ಘೋರ್ಪಡೆಗಳು. ಒಂದೂರಿಗೆ ಒದಗಿದ ಸಂಸ್ಥೆ ಇನ್ನೊಂದಕ್ಕೆ ಒದಗಲಿಲ್ಲ ಎಂಬುದು ಇತಿಹಾಸದ ಚೇಷ್ಟೆ. ಆದರೆ ಸಂಡೂರಿನ ಹೆಸರು ಸಂಡೂರಿನದೇ, ಅದರ ಚೀಟಿ ಅಂಟಿಸಿ ಗಜೇಂದ್ರಗಡದ ಮಾಲು ಮಾರಲಾಗದು. ಜೊತೆಗೆ ಕಂಪ್ಯೂಟರ್ ಕಸೂತಿ ಯಂತ್ರಗಳು ಕನ್ನಡಿ ಕೆಲಸದ ನಕಲನ್ನು ಮೀಟರಿನ ಲೆಕ್ಕದಲ್ಲಿ ಹೊರತರುತ್ತಿವೆ. ಮಣಿಯನ್ನು ಬಟ್ಟೆಗೆ ಕೂರಿಸುವ ಯಂತ್ರವೂ ಇದೆ. ಹೆರಿಂಗ್‌ಬೋನಿನ ಹಾಗೆ ಮಣಿಯನ್ನು ಮಣಿಗೇ ಹೆಣೆಯುವುದು ಮಾತ್ರ ಇಂದಿಗೂ ಕೈಯ ಕೆಲಸ, ಏಕೆಂದರೆ ಸೂಜಿ ಪ್ರತಿ ತೂತನ್ನೂ ಹುಡುಕಿ ಹಾಯಬೇಕು. ನಕಲಾಗದ ಕೆಲಸವನ್ನು ಕಲಿಸುವುದು ಜಾಣತನ. ಅದರಿಂದ ಕಸೂತಿ ಸಾಯುತ್ತದೆ ಎಂಬ ಭಯವೂ ಬೇಡ. ಸಂಡೂರಿನವರು ತಮ್ಮ ಉಡುಪಿನ ಕಸೂತಿಯನ್ನು ಚೀಲಕ್ಕೂ ದಿಂಬಿಗೂ ತಿರುಗಿಸಿದಾಗಲೂ ಅದು ಸಾಯಲಿಲ್ಲ. ಗಜೇಂದ್ರಗಡದಲ್ಲೇ ಮರೆಯಾಗುತ್ತಿದ್ದ ಪಟ್ಟೇದ ಅಂಚು ಸೀರೆಯನ್ನು ಜವಳಿ ಸಂಶೋಧಕಿ ಹೇಮಲತಾ ಜೈನ್ ಮತ್ತೆ ಮಗ್ಗಕ್ಕೆ ತಂದರು. ನೇಯುವ ಕೈ ಊರಲ್ಲೇ ಇತ್ತು, ಇಲ್ಲದ್ದು ಕೇಳುವವರು.

ಮೂರನೆಯದು ಕೂಲಿಯ ಪ್ರಶ್ನೆ, ಇದಕ್ಕೆ ಸುಲಭದ ಉತ್ತರವಿಲ್ಲ. 11ನೇ ನಂಬರಿನ ಮಣಿ ಸುಮಾರು 2 ಮಿಲಿಮೀಟರ್. ಎರಡು ಸೆಂಟಿಮೀಟರ್ ಅಗಲದ ಒಂದು ಕೈಪಟ್ಟಿಗೆ ಅಡ್ಡಕ್ಕೆ ಹತ್ತು, ಉದ್ದಕ್ಕೆ ನೂರರ ಆಸುಪಾಸು, ಒಟ್ಟು ಸಾವಿರ ಮಣಿ, ಅಂದರೆ ಐನೂರು ಹೊಲಿಗೆ. ನಿಮಿಷಕ್ಕೆ ಎರಡು ಹೊಲಿಗೆ ಎಂದು ಹಿಡಿದರೂ ನಾಲ್ಕು ಗಂಟೆ ದಾಟುತ್ತದೆ, ಕಣ್ಣಿಗೆ ಬೀಳುವ ಭಾರ ಬೇರೆ. ಮೇಲಾಗಿ ಹೆರಿಂಗ್‌ಬೋನ್ ಅಡ್ಡಾದಿಡ್ಡಿ ಮಣಿಯನ್ನು ಸಹಿಸುವುದಿಲ್ಲ, ಒಂದು ದಪ್ಪ ಮಣಿ ಸೇರಿದರೆ ಇಡೀ ಸಾಲು ಸೊಟ್ಟಗಾಗುತ್ತದೆ. ಉತ್ತರ ಪ್ರದೇಶದ ಪುರ್ದಿಲ್‌ನಗರ, ಬನಾರಸಿನ ಮಣಿ ಅಗ್ಗ, ಆದರೆ ಈ ಕೆಲಸಕ್ಕೆ ಆರಿಸಿಕೊಳ್ಳಬೇಕಾಗುತ್ತದೆ. ಅಳತೆಯಲ್ಲಿ ಕರಾರುವಾಕ್ಕಾದ ಮಣಿ ಜಪಾನಿನ ಹಿರೋಶಿಮಾ ಪ್ರಾಂತ್ಯದ ಮಿಯುಕಿ, ಟೋಹೋ ಕಂಪನಿಗಳದು, ಬೆಲೆ ದುಬಾರಿ. ಒಬ್ಬೊಬ್ಬ ಹೆಂಗಸು ಹತ್ತು ಗ್ರಾಂ ಮಣಿಗಾಗಿ ಬೆಂಗಳೂರಿನ ಅಂಗಡಿಗೆ ಅಲೆಯಲಾರಳು. ಹಾಗೆಂದು ಕೆಲಸವೇ ಬೇಡ ಎನ್ನುವುದಕ್ಕಿಂತ, 2009ರಲ್ಲಿ ಹುಟ್ಟಿದ ತಾಂಡಾ ಅಭಿವೃದ್ಧಿ ನಿಗಮ ಗಜೇಂದ್ರಗಡದಲ್ಲಿ ಒಂದು ಮಣಿ ಉಗ್ರಾಣ ತೆರೆದು, ಅಳತೆ ಆರಿಸಿದ ಮಣಿಯನ್ನೂ ನೈಲಾನ್ ದಾರವನ್ನೂ ಕಡ ಕೊಟ್ಟು, ಮಾಲು ಮಾರಿದ ಮೇಲೆ ಮುರಿದುಕೊಳ್ಳುವುದು ಮೇಲು. ಎರೆಯಲ್ಲಾಗಲಿ ಮಸಾರಿಯಲ್ಲಾಗಲಿ, ಒಕ್ಕಲುತನದ ಕೆಲಸ ಮುಗಿದು ಗುಳೆಯ ಗಂಟು ಕಟ್ಟುವ ತಿಂಗಳುಗಳಲ್ಲಿ ಇದು ಮನೆಯಲ್ಲೇ ನಡೆಯಬಲ್ಲ ಕೆಲಸ. ಗುಳೆಯನ್ನು ಇದು ನಿಲ್ಲಿಸುತ್ತದೆ ಎಂದರೆ ಉತ್ಪ್ರೇಕ್ಷೆ. ಕೆಲವು ಮನೆಗಳ ಹೆಣ್ಣುಮಕ್ಕಳ ಶಾಲೆ ನಡುವೆ ನಿಲ್ಲದಿದ್ದರೂ ಸಾಕು.

ಉಳಿದದ್ದು ಕೊಳ್ಳುವವರ ಕೈಲಿದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ಕೈಪಟ್ಟಿಯ ನಾಲ್ಕು ಗಂಟೆಗೆ 185 ರೂಪಾಯಿ, ಮಣಿಯ ಖರ್ಚು ಬೇರೆ. ಮುಂದೆ ಗೋವಾದಲ್ಲೋ ಹಂಪಿಯಲ್ಲೋ ಗದಗಿನ ಜಾತ್ರೆಯಲ್ಲೋ ಮಣಿಯ ಪಟ್ಟಿ ಕೊಳ್ಳುವಾಗ ತಿರುವಿ ನೋಡಿ. ಮಣಿಗಳು ಜೋಡಿಯಾಗಿ ಓರೆ ನಿಂತಿದ್ದರೆ, ಹೆಣೆದವಳು ಮುನ್ನೂರು ಕೇಳಿದರೆ, ನೂರಕ್ಕೆ ಕೊಡು ಎಂದು ಚೌಕಾಸಿಗೆ ಇಳಿಯಬೇಡಿ.