ಶುದ್ಧ ಸುವರ್ಣವೂ ಬೆರಕೆಯ ಚಿನ್ನವೂ

ಪುಟಕ್ಕಿಟ್ಟ ಚಿನ್ನವೆಂಬುದು ಕಾವ್ಯದಲ್ಲಿ ನಿರ್ದೋಷವಾದ ಗುಣಕ್ಕೆ ಉಪಮಾನ. ಬೆರಕೆಯೆಂಬುದು ಕಪಟಕ್ಕೆ ಇನ್ನೊಂದು ಹೆಸರು. ಪಾಠ ಹೇಳುವಾಗ ನಾವೂ ಈ ಸಂಕೇತವನ್ನೇ ಅನುಸರಿಸುತ್ತೇವೆ. ಆದರೆ ಅಕ್ಕಸಾಲೆಯಲ್ಲಿ ಬೆರಕೆಯೆಲ್ಲವೂ ದೋಷವಲ್ಲ. ಈ ಭೇದವನ್ನರಿಯದಿದ್ದರೆ ಪ್ರಾಚೀನ ಗ್ರಂಥಗಳ ಕೆಲವು ಮಾತುಗಳಿಗೆ ಅಪಾರ್ಥವುಂಟಾಗುವುದು.

ಶುದ್ಧ ಚಿನ್ನವು ಒಂದೇ ಗಾತ್ರದ ನೀರಿಗಿಂತ 19.3 ಪಾಲು ಭಾರವುಳ್ಳದ್ದು. 1064 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗತಕ್ಕದ್ದು. ಗಾಳಿಗೂ ನೀರಿಗೂ ಅದು ಮಾಸದು. ಬಡಿದರೆ ಬೆಳಕು ತೂರಿಬರುವಷ್ಟು ತೆಳುವಾದ ರೇಕಾಗುವುದು. ಆದರೆ ಆ ಮೃದುತ್ವವೇ ಆಭರಣಕ್ಕೆ ಶತ್ರು. ಬಳೆ ಬಾಗುವುದು, ಕೊಂಡಿ ಸವೆಯುವುದು, ಕೂರಿಸಿದ ಹರಳು ಸಡಿಲವಾಗುವುದು.

ಇದಕ್ಕೆ ಕಾರಣವು ಪರಮಾಣುಗಳ ಜೋಡಣೆಯಲ್ಲಿದೆ. ಶುದ್ಧ ಲೋಹದಲ್ಲಿ ಸಮಗಾತ್ರದ ಪರಮಾಣುಗಳ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ತಾಮ್ರದ ಪರಮಾಣು ಚಿನ್ನದ ಪರಮಾಣುವಿಗಿಂತ ಚಿಕ್ಕದು. ಅದು ನಡುವೆ ಸೇರಿದಾಗ ಜೋಡಣೆ ವಕ್ರವಾಗಿ ಜಾರಿಕೆಗೆ ತಡೆಯುಂಟಾಗುತ್ತದೆ. ಬೆಳ್ಳಿಯ ಪರಮಾಣುವಿನ ಗಾತ್ರವು ಚಿನ್ನದ್ದಕ್ಕೆ ಬಹುಮಟ್ಟಿಗೆ ಸಮಾನವಾದುದರಿಂದ ಅದು ತಾಮ್ರದಷ್ಟು ಗಡಸುತನವನ್ನು ಕೊಡಲಾರದು. ತಾಮ್ರದಿಂದ ಬಣ್ಣ ಕೆಂಪೇರುವುದು, ಬೆಳ್ಳಿಯಿಂದ ತಿಳಿಯಾಗುವುದು. ಇನ್ನೊಂದು ವಿಶೇಷವುಂಟು: ತೂಕದಲ್ಲಿ 80 ಪಾಲು ಚಿನ್ನಕ್ಕೆ 20 ಪಾಲು ತಾಮ್ರ ಕೂಡಿದ ಮಿಶ್ರಣವು ಸುಮಾರು 910 ಡಿಗ್ರಿಯಲ್ಲೇ, ಎಂದರೆ ಆ ಎರಡು ಲೋಹಗಳಿಗಿಂತಲೂ ಮೊದಲೇ ಕರಗುತ್ತದೆ. ಆದುದರಿಂದ ಮಿಶ್ರಲೋಹದ ಗುಣವು ಅಂಗಲೋಹಗಳ ಗುಣಗಳ ಸರಾಸರಿಯಲ್ಲ.

ಈ ವಿಷಯವನ್ನು ನಮ್ಮ ಪೂರ್ವಿಕರು ಅಳತೆಯಿಂದಲೇ ನಿರ್ವಹಿಸಿದ್ದರು. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಇದರ ವಿವರಣೆಯಿದೆ. ಅರಿಸಿನದ ಬಣ್ಣದ ಶುದ್ಧ ಸುವರ್ಣವನ್ನು ಮಾದರಿಯಾಗಿಟ್ಟು, ಅದರಲ್ಲಿ ಒಂದೊಂದು ಕಾಕಣಿ ಚಿನ್ನವನ್ನು ತೆಗೆದು ಅಷ್ಟೇ ತಾಮ್ರವನ್ನು ಸೇರಿಸುತ್ತ ಹೋದರೆ ಹದಿನಾರು ವರ್ಣಕಗಳಾಗುವುವು. ಸುವರ್ಣವೊಂದಕ್ಕೆ 16 ಮಾಷ. ಮಾಷವೊಂದಕ್ಕೆ 4 ಕಾಕಣಿ. ಕೊನೆಯ ಮೆಟ್ಟಿಲಲ್ಲಿ 4 ಮಾಷ ತಾಮ್ರ, 12 ಮಾಷ ಚಿನ್ನ. ಎಂದರೆ ಸಾವಿರಕ್ಕೆ 750. ಇಂದು 18 ಕ್ಯಾರೆಟ್ ಎನಿಸಿಕೊಳ್ಳುವ ಚಿನ್ನದ ಪ್ರಮಾಣವೂ ಇದೇ! ಆಭರಣಗಳ ಮೇಲೆ 916 ಎಂದು ಒತ್ತುವ ಹಾಲ್‌ಮಾರ್ಕ್ ಮುದ್ರೆಯು 22 ಕ್ಯಾರೆಟ್ಟನ್ನು ಸೂಚಿಸುತ್ತದೆ.

ಇಲ್ಲಿ ವರ್ಣವೆಂಬುದು ಕೇವಲ ಬಣ್ಣವಲ್ಲ. ಒರೆಗಲ್ಲಿನ ಮೇಲೆ ಗೆರೆಯೆಳೆದು ಹೋಲಿಸಿ ನಿಶ್ಚಯಿಸುವ ದರ್ಜೆ. ಅದೇ ಗ್ರಂಥದ ಮುಂದಿನ ಅಧ್ಯಾಯದಲ್ಲಿ ಅಕ್ಕಸಾಲಿಗರು ಚಿನ್ನವನ್ನು ಅಪಹರಿಸುವ ಐದು ಉಪಾಯಗಳನ್ನು ಎಣಿಸಿದೆ. ಹೇಳಿ ಕೂಡಿಸಿದ ತಾಮ್ರವು ಪ್ರಮಾಣವಾದರೆ, ಮರೆಮಾಚಿ ಕೂಡಿಸಿದ ತಾಮ್ರವು ಕಳವು. ಲೋಹವೂ ಒಂದೇ, ಪಾಲೂ ಒಂದೇ ಇರಬಹುದು, ಭೇದವಿರುವುದು ಸತ್ಯದಲ್ಲಿ. ಚಿನ್ನದ ಉಪಮಾನವನ್ನು ವಿದ್ಯಾರ್ಥಿಗಳಿಗೆ ವಿವರಿಸುವ ಅಧ್ಯಾಪಕರು ಈ ವಿವೇಕವನ್ನೂ ಅವರಿಗೆ ತಿಳಿಸುವುದು ಯುಕ್ತ.