ತಪ್ಪು ಹೆಸರು ಹೊತ್ತ ಅಕ್ಷರ

ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆಗೆ ಬಂದ ರೈತನ ಆಂಡ್ರಾಯ್ಡ್ ಫೋನಿನಲ್ಲಿ ತಿಂಗಳ ಹೆಸರು ಕನ್ನಡದಲ್ಲೇ ಮೂಡುತ್ತದೆ. ಇದರ ಹಿಂದಿರುವುದು 'ಐಸಿಯು'. ಆಸ್ಪತ್ರೆಯದಲ್ಲ, ಲೋಕದ ನೂರಾರು ಭಾಷೆಗಳನ್ನು ಬಲ್ಲ ತಂತ್ರಾಂಶ ಭಂಡಾರ!

ಐಬಿಎಂ 1999ರಲ್ಲಿ ಇದನ್ನು ಎಲ್ಲರಿಗೂ ಮುಕ್ತಗೊಳಿಸಿತು. 2016ರಿಂದ ಯುನಿಕೋಡ್ ಒಕ್ಕೂಟ ನೋಡಿಕೊಳ್ಳುತ್ತಿದೆ. ಸಿ, ಸಿ++, ಜಾವಾಗಳಲ್ಲಿ ಬರೆದ ಈ ಭಂಡಾರದ ಹೊಸ ಆವೃತ್ತಿ ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ಬರುತ್ತದೆ. ಮೊದಲು ಪರೀಕ್ಷೆಗೊಂದು ಪ್ರತಿ. ದೋಷ ತಿದ್ದಿದ ಬಳಿಕವೇ ಅಂತಿಮ ಬಿಡುಗಡೆ.

ಇಷ್ಟು ಎಚ್ಚರವೇಕೆ? ಅನೇಕ ತಪ್ಪುಗಳನ್ನು ಮುಂದಿನ ಆವೃತ್ತಿಯಲ್ಲಿ ತಿದ್ದಬಹುದು. ಕೆಲವನ್ನು ಎಂದಿಗೂ ತಿದ್ದಲಾಗದು. ಹಳಗನ್ನಡದಲ್ಲಿ ಮಳೆ ಎಂದರೆ 'ಮೞೆ'. ಈ 'ೞ' ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಬಿದ್ದ ಹೆಸರು 'ಫ್ಯಾನ್' ಎನ್ನುವಾಗಿನ 'ಫ'! ಐಸಿಯುವನ್ನು ಕೇಳಿದರೂ ಅದೇ ಹೆಸರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಿದರೆ ಅದನ್ನೇ ನೆಚ್ಚಿದ ತಂತ್ರಾಂಶಗಳು ಕೆಟ್ಟಾವು. ಆದ್ದರಿಂದ ಬದಲಿಸಕೂಡದೆಂಬುದು ಒಕ್ಕೂಟದ ನಿಯಮ. ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿದ್ದಾರೆ, ಅಷ್ಟೆ.

2021ರಲ್ಲಿ ಹಳೆಯ 'ನಕಾರ ಪೊಲ್ಲು' ಯುನಿಕೋಡ್ 14ಕ್ಕೆ ಸೇರಿತು. ಅದೇ ವರ್ಷ ಐಸಿಯು 70ಕ್ಕೂ ಬಂತು. ಇಂಥ ಸೇರ್ಪಡೆಗಳನ್ನು ಕನ್ನಡ ಬಲ್ಲವರು ಪರೀಕ್ಷೆಯ ಹಂತದಲ್ಲೇ ಕಣ್ಣಿಟ್ಟು ನೋಡಬೇಕು. ಬಿಡುಗಡೆಯಾದ ಮೇಲೆ ಆಕ್ಷೇಪಿಸಿದರೆ 'ೞ'ದ ಪಾಡೇ ಗತಿ!