ಕಾಲೇಜು ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಮತ್ತು ಸಣ್ಣ ಉದ್ದಿಮೆ

ಪರೀಕ್ಷೆಗಳು ಮುಗಿದು ರಜೆ ಆರಂಭವಾಗುವ ಹೊತ್ತಿಗೆ ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ ಮೊದಲಾದ ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ಕಾಲೇಜಿನ ಪತ್ರ ಹಿಡಿದ ವಿದ್ಯಾರ್ಥಿಗಳು ಬರತೊಡಗುತ್ತಾರೆ. ಅವರು ಕೇಳುವುದು ಇಂಟರ್ನ್‌ಶಿಪ್. ಹಲವೆಡೆ ನಡೆಯುವುದು ಇಷ್ಟೇ: ಒಂದು ದಿನ ಕಾರ್ಖಾನೆಯನ್ನು ಸುತ್ತಿ ನೋಡುವುದು, ಕೆಲವು ದಿನ ಕಚೇರಿಯ ಮೂಲೆಯಲ್ಲಿ ಕುಳಿತಿರುವುದು, ಕೊನೆಗೆ ಲೆಟರ್‌ಹೆಡ್‌ನ ಮೇಲೆ ಪ್ರಮಾಣಪತ್ರ ಪಡೆಯುವುದು. ಪರಿಚಯದವರ ಮಕ್ಕಳಾದರೆ ಮೂಲೆಯಲ್ಲಿ ಕೂರುವ ಶ್ರಮವೂ ಇಲ್ಲ. ಹೀಗೆ ಸಹಿ ಹಾಕಿದ ಉದ್ಯಮಿಯೇ ಮುಂದೊಂದು ದಿನ, ಪದವೀಧರರಿಗೆ ಮೈಕ್ರೋಮೀಟರ್ ಓದಲು ಬಾರದೆಂದು ಸಭೆಗಳಲ್ಲಿ ದೂರುತ್ತಾರೆ. ದೂರು ಸುಳ್ಳಲ್ಲ. ಆದರೆ ಅದಕ್ಕೆ ಕಾರಣವಾದ ಲೋಪದಲ್ಲಿ ಅವರ ಸಹಿಯೂ ಸೇರಿದೆ.

ಓದು ಮತ್ತು ದುಡಿಮೆಯನ್ನು ಜೋಡಿಸುವ ಪ್ರಯತ್ನ ಹೊಸದೇನಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅವರು 1906ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ತರಗತಿಗೂ ಕಾರ್ಖಾನೆಗೂ ಕಳುಹಿಸುವ ಪದ್ಧತಿಯನ್ನು ಆರಂಭಿಸಿದರು. ಭಾರತದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆಯು 1973ರಲ್ಲಿ ‘ಪ್ರಾಕ್ಟೀಸ್ ಸ್ಕೂಲ್’ ಎಂಬ ಹೆಸರಿನಲ್ಲಿ ಇದನ್ನು ಪಠ್ಯದ ಭಾಗವನ್ನಾಗಿಸಿತು. ಕರ್ನಾಟಕದಲ್ಲಿಯೇ, 1972ರಲ್ಲಿ ಡೆನ್ಮಾರ್ಕ್ ಸಹಯೋಗದೊಂದಿಗೆ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಕೊನೆಯ ಒಂದು ವರ್ಷ ಉದ್ದಿಮೆಯಲ್ಲಿಯೇ ತರಬೇತಿ. ಅಲ್ಲಿಂದ ಹೊರಬಂದವರನ್ನು ಟೂಲ್‌ರೂಮುಗಳು ಏಕೆ ಹುಡುಕಿಕೊಂಡು ಹೋಗುತ್ತವೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಈಗ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಪಠ್ಯಕ್ರಮಗಳಲ್ಲಿ ಇಂಟರ್ನ್‌ಶಿಪ್‌ಗೆ ಅಂಕಗಳು ನಿಗದಿಯಾಗಿರುವುದರಿಂದ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದೆ. ಅವರನ್ನು ಸರಿಯಾಗಿ ಬಳಸಿಕೊಳ್ಳುವ ವ್ಯವಸ್ಥೆ ಮಾತ್ರ ಹೆಚ್ಚಿಲ್ಲ.

ಅನೇಕ ಉದ್ಯಮಿಗಳು ಹಿಂಜರಿಯುವುದು ಕಾನೂನಿನ ಭಯದಿಂದ. ಇಲ್ಲಿ ಇಂಟರ್ನ್ ಮತ್ತು ಅಪ್ರೆಂಟಿಸ್ ಎಂಬ ಎರಡು ಬೇರೆ ಬೇರೆ ವರ್ಗಗಳು ಬೆರೆತುಹೋಗಿವೆ. ಅಪ್ರೆಂಟಿಸ್, ಅಂದರೆ ಶಿಶಿಕ್ಷು, 1961ರ ಕಾಯ್ದೆಗೆ ಒಳಪಟ್ಟವನು. ನೋಂದಾಯಿತ ಒಪ್ಪಂದ ಮತ್ತು ಶಿಷ್ಯವೇತನ ಕಡ್ಡಾಯ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಸಿಬ್ಬಂದಿಯಿರುವ ಘಟಕಗಳಿಗೆ ಅದು ಐಚ್ಛಿಕ. ಕಾಯ್ದೆಯ 18ನೆಯ ಕಲಮು ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು ಎಂದು ಸ್ಪಷ್ಟಪಡಿಸುತ್ತದೆ. ಕಾಲೇಜಿನ ಇಂಟರ್ನ್ ಹಾಗಲ್ಲ. ಅವನು ಅಥವಾ ಅವಳು ಪಠ್ಯದ ಭಾಗವಾಗಿ ಬಂದಿರುವ ವಿದ್ಯಾರ್ಥಿ. ಸಂಬಂಧಕ್ಕೆ ಆಧಾರ ಕಾಲೇಜಿನ ಪತ್ರ ಮತ್ತು ಘಟಕದ ಒಪ್ಪಿಗೆ ಪತ್ರ. ಅಧಿಕೃತ ಪತ್ರವಿಲ್ಲದೆ ಯಾರನ್ನೂ ಯಂತ್ರದ ಬಳಿ ಬಿಡಬಾರದು. ಅಪಘಾತ ವಿಮೆಯ ಹೊಣೆ ಕಾಲೇಜಿನದೋ ಘಟಕದ್ದೋ ಎಂಬುದು ಮೊದಲೇ ಬರಹದಲ್ಲಿರಬೇಕು. ಇಂಟರ್ನ್ ಎಂಬ ಹೆಸರಿನಲ್ಲಿ ದಿನಗೂಲಿಯವರ ಕೆಲಸವನ್ನು ಸಂಬಳವಿಲ್ಲದೆ ಮಾಡಿಸಿಕೊಂಡರೆ, ಹೆಸರು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಇದಲ್ಲ. ಅದು ದೇಶದ ದೊಡ್ಡ 500 ಕಂಪನಿಗಳನ್ನು ಗುರಿಯಾಗಿಸಿ ರೂಪಿಸಿದ್ದು, ಪೂರ್ಣಾವಧಿ ವ್ಯಾಸಂಗದಲ್ಲಿರುವವರನ್ನು ಹೊರಗಿಟ್ಟೇ ಆರಂಭವಾಯಿತು.

ಹಾಗಾದರೆ ವಿದ್ಯಾರ್ಥಿಗೆ ಸ್ಥಳ ಸಿಗುವುದು ಹೇಗೆ? ಹೆಚ್ಚಿನವರು ಹೆಸರಾಂತ ಕಂಪನಿಗಳಿಗೆ ಅಂತರ್ಜಾಲದ ಮೂಲಕ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಾರೆ. ಉತ್ತರ ಬಾರದೆ, ಗಡುವು ಸಮೀಪಿಸಿದಾಗ, ಸಾವಿರಾರು ರೂಪಾಯಿ ಶುಲ್ಕ ಪಡೆದು ಮನೆಯಲ್ಲಿಯೇ ‘ಇಂಟರ್ನ್‌ಶಿಪ್’ ನೀಡುವ ಏಜೆನ್ಸಿಗಳ ಬಲೆಗೆ ಬೀಳುತ್ತಾರೆ. ಹಣ ಕೊಟ್ಟು ಕೊಳ್ಳುವುದು ತರಬೇತಿ ತರಗತಿಯಾದೀತೇ ಹೊರತು ಇಂಟರ್ನ್‌ಶಿಪ್ ಅಲ್ಲ. ಅದೇ ವೇಳೆ ಅವರ ಮನೆಯಿಂದ ಎರಡು ಮೈಲಿ ದೂರದ ಫೌಂಡ್ರಿ, ಮಷೀನ್ ಶಾಪ್ ಅಥವಾ ಸಗಟು ಮಳಿಗೆಗೆ ಒಂದು ಪತ್ರವೂ ಹೋಗಿರುವುದಿಲ್ಲ. ಸಣ್ಣ ಘಟಕಗಳು ಜಾಹೀರಾತು ಕೊಡುವುದಿಲ್ಲ, ನಿಜ. ಆದರೆ ಜಿಲ್ಲಾ ವಾಣಿಜ್ಯ ಸಂಸ್ಥೆಗಳ ಸದಸ್ಯರ ಪಟ್ಟಿ ಇರುತ್ತದೆ. ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿ ಅದನ್ನು ಕೇಳಿ ಪಡೆಯಬಹುದು.

ಪತ್ರವನ್ನು ರಜೆಗೆ ಎರಡು ಮೂರು ತಿಂಗಳ ಮೊದಲೇ ಕಳುಹಿಸುವುದು ಒಳಿತು. ‘ಯಾವ ಕೆಲಸವಾದರೂ ಸರಿ’ ಎಂದು ಬರೆದ ಪತ್ರಕ್ಕೆ ಉತ್ತರ ಬರುವುದು ಅಪರೂಪ. ಎಷ್ಟು ವಾರ, ಯಾವ ದಿನಾಂಕದಿಂದ, ಯಾವ ವಿಷಯಗಳನ್ನು ಓದಿದ್ದಾಗಿದೆ, ಘಟಕದ ಯಾವ ಕೆಲಸದಲ್ಲಿ ಆಸಕ್ತಿ ಎಂಬ ನಾಲ್ಕು ಸಂಗತಿಗಳು ಒಂದು ಪುಟದಲ್ಲಿದ್ದರೆ ಮಾಲೀಕರು ಓದುತ್ತಾರೆ. ದೊಡ್ಡ ಕಂಪನಿಯಲ್ಲಿ ವಿದ್ಯಾರ್ಥಿ ಒಂದು ವಿಭಾಗದ ಒಂದು ಮೇಜನ್ನು ಕಾಣುತ್ತಾನೆ. ಇಪ್ಪತ್ತು ಜನರ ಘಟಕದಲ್ಲಿ ವಿಚಾರಣೆ ಪತ್ರ ಬಂದದ್ದು, ದರ ನಮೂದಿಸಿದ್ದು, ಕಚ್ಚಾ ಮಾಲು ತರಿಸಿದ್ದು, ಮಾಲು ತಿರಸ್ಕೃತವಾಗಿ ಹಿಂದಿರುಗಿದ್ದು, ಹಣಕ್ಕಾಗಿ ಫೋನ್ ಮಾಡಿದ್ದು ಎಲ್ಲವೂ ಒಂದೇ ಸೂರಿನಡಿ ಕಾಣುತ್ತದೆ. ಈ ಅನುಕೂಲವನ್ನು ಸಣ್ಣ ಉದ್ಯಮಿಗಳು ತಾವೇ ಗುರುತಿಸಿಕೊಂಡಂತಿಲ್ಲ.

ಇಂಟರ್ನ್‌ಶಿಪ್ ಫಲ ಕೊಡುವುದೋ ಇಲ್ಲವೋ ಎಂಬುದು ಮೊದಲ ವಾರದಲ್ಲಿಯೇ ತೀರ್ಮಾನವಾಗುತ್ತದೆ. ಅದು ನಿಂತಿರುವುದು ವಿದ್ಯಾರ್ಥಿಗೆ ಒಂದು ನಿರ್ದಿಷ್ಟ ಕೆಲಸ ಇದೆಯೇ ಎಂಬುದರ ಮೇಲೆ. ಪ್ರತಿ ಘಟಕದಲ್ಲಿಯೂ, ಮಾಡಬೇಕೆಂದು ಎಲ್ಲರಿಗೂ ಗೊತ್ತಿದ್ದು ಯಾರಿಗೂ ಬಿಡುವಿಲ್ಲದೆ ಉಳಿದ ಕೆಲಸಗಳಿರುತ್ತವೆ. ಫೌಂಡ್ರಿಯಲ್ಲಿ ನಾಲ್ಕು ವಾರ ತಿರಸ್ಕೃತ ಎರಕಗಳನ್ನು ದೋಷಕ್ಕೆ ತಕ್ಕಂತೆ ವಿಂಗಡಿಸುವುದು: ಗಾಳಿಗುಳ್ಳೆ ಎಷ್ಟು, ಮರಳು ಸೇರಿದ್ದೆಷ್ಟು, ಯಾವ ಪಾಳಿಯಲ್ಲಿ, ಯಾವ ಪ್ಯಾಟರ್ನ್‌ನಲ್ಲಿ. ಮಷೀನ್ ಶಾಪಿನಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಯಂತ್ರವನ್ನು ಬದಲಿಸಲು ತಗಲುವ ಸಮಯವನ್ನು ಗಡಿಯಾರ ಹಿಡಿದು ಬರೆದಿಡುವುದು. ಆ ಸಮಯದಲ್ಲಿ ಎಷ್ಟು ಪಾಲು ಸ್ಪ್ಯಾನರ್ ಹುಡುಕುವುದಕ್ಕೇ ಹೋಗುತ್ತದೆ ಎಂದು ತಿಳಿದಾಗ ಮಾಲೀಕರಿಗೇ ಅಚ್ಚರಿಯಾದೀತು. ಬಿ.ಕಾಂ. ವಿದ್ಯಾರ್ಥಿಯಿಂದ ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ತಃಖ್ತೆಯೊಂದಿಗೆ ತಾಳೆ ನೋಡಿಸಿ, ಬಾರದ ಬಿಲ್ಲುಗಳ ಪಟ್ಟಿ ಮಾಡಿಸಬಹುದು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಬರಬೇಕಾದ ಹಣ ಗರಿಷ್ಠ 45 ದಿನಗಳಲ್ಲಿ ಪಾವತಿಯಾಗಬೇಕೆಂದು 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಆ ಗಡುವು ಮೀರಿದ ಬಾಕಿಗಳ ಪಟ್ಟಿ ಎಷ್ಟು ಘಟಕಗಳಲ್ಲಿ ಸಿದ್ಧವಾಗಿದೆ?

ವಿದ್ಯಾರ್ಥಿಯ ಕಡೆಯಿಂದ ಬೇಕಾದುದು ದಿನಚರಿ. ಅಂದು ಕಂಡದ್ದು, ಅಳೆದದ್ದು, ಅರ್ಥವಾಗದ್ದು ಎಂದು ಪ್ರತಿ ಸಂಜೆ ಅರ್ಧ ಪುಟ ಬರೆದರೆ, ಕಾಲೇಜಿನ ವರದಿಯನ್ನು ಎಲ್ಲಿಂದಲೋ ನಕಲು ಮಾಡುವ ಅಗತ್ಯ ಬೀಳದು. ಹಳೆಯ ಆಪರೇಟರುಗಳು ಪುಸ್ತಕದಲ್ಲಿಲ್ಲದ್ದನ್ನು ಬಲ್ಲವರು. ಲೇತ್‌ನ ಸದ್ದು ಕೇಳಿಯೇ ಟೂಲ್ ಸವೆದಿದೆ ಎನ್ನುವವರ ಬಳಿ ಗೌರವದಿಂದ ಕೇಳಿದರೆ ಹೇಳಿಕೊಡುತ್ತಾರೆ. ಪದವಿಯ ಗತ್ತು ತೋರಿದರೆ ಬಾಯಿ ಬಿಡುವುದಿಲ್ಲ. ಗ್ರಾಹಕರ ಡ್ರಾಯಿಂಗ್‌ಗಳ ಛಾಯಾಚಿತ್ರವನ್ನು ಅನುಮತಿಯಿಲ್ಲದೆ ವರದಿಯಲ್ಲಿ ಸೇರಿಸಬಾರದೆಂದು ಮೊದಲ ದಿನವೇ ತಿಳಿಸಬೇಕು. ಸಡಿಲ ಬಟ್ಟೆ, ಚಪ್ಪಲಿ, ತಿರುಗುವ ಯಂತ್ರ ಇವುಗಳ ಬಗ್ಗೆಯೂ ಅಂದೇ.

ಘಟಕದ ಕಡೆಯಿಂದ ಬೇಕಾದುದು ಒಬ್ಬ ಹೊಣೆಗಾರ, ವಾರಕ್ಕೊಮ್ಮೆ ಅರ್ಧ ಗಂಟೆ. ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟವನ್ನಾದರೂ ಕೊಡುವುದು ನ್ಯಾಯ. ಹಳ್ಳಿಯಿಂದ ಬರುವ ವಿದ್ಯಾರ್ಥಿಗೆ ಅಷ್ಟರಲ್ಲಿಯೇ ಬರಲು ಸಾಧ್ಯವೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ.

ಪ್ರಮಾಣಪತ್ರದಲ್ಲಿ ‘ತೃಪ್ತಿಕರವಾಗಿ ಪೂರೈಸಿದ್ದಾರೆ’ ಎಂಬ ಸಿದ್ಧ ವಾಕ್ಯಕ್ಕೆ ಬದಲು, ಮಾಡಿದ ಕೆಲಸವನ್ನೇ ಎರಡು ಸಾಲುಗಳಲ್ಲಿ ನಮೂದಿಸುವುದು ಉಚಿತ. ಬಾರದವರಿಗೆ ಕೊಡದಿರುವುದು ಇನ್ನೂ ಉಚಿತ. ಚೆನ್ನಾಗಿ ದುಡಿದವರನ್ನು ಪದವಿ ಅಥವಾ ಡಿಪ್ಲೊಮಾ ಮುಗಿದ ಮೇಲೆ ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ಒಂದು ವರ್ಷದ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಬಹುದು. ಆಗ ನಿಗದಿತ ಕನಿಷ್ಠ ಶಿಷ್ಯವೇತನದ ಅರ್ಧ ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ದಕ್ಷಿಣ ರಾಜ್ಯಗಳ ಮಟ್ಟಿಗೆ ಈ ಯೋಜನೆಯನ್ನು ನೋಡಿಕೊಳ್ಳುವ ಶಿಶಿಕ್ಷು ತರಬೇತಿ ಮಂಡಳಿಯು ಚೆನ್ನೈನಲ್ಲಿದೆ.